ಹೂಂಗುಟ್ಟುವವರಿಲ್ಲದ ಪಾಠ

2020ರ ಜುಲೈ ತಿಂಗಳ ಕೊನೆಯಲ್ಲಿ ಗದಗ ಜಿಲ್ಲೆಯ ಒಂದು ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ನರಗುಂದ ತಾಲೂಕಿನ ಹಳ್ಳಿಯೊಂದರ ತಾಯಿ ತನ್ನ ತಾಳಿಯನ್ನು ಒತ್ತೆಯಿಟ್ಟು ಮಕ್ಕಳಿಗಾಗಿ ಟಿವಿ ಕೊಂಡಿದ್ದಳು. ಶಾಲೆ ಮುಚ್ಚಿತ್ತು. ಪಾಠಗಳು ದೂರದರ್ಶನದ ಚಂದನ ವಾಹಿನಿಯಲ್ಲಿ ಬರುತ್ತಿದ್ದವು. ಮನೆಯಲ್ಲಿ ಟಿವಿ ಇಲ್ಲದ ಮಕ್ಕಳು ಹಿಂದೆ ಬೀಳುತ್ತಾರೆಂಬ ಭಯಕ್ಕೆ ಆಕೆ ಕೊರಳಿನದನ್ನು ಬಿಚ್ಚಿ ಕೊಟ್ಟಿದ್ದಳು. ಸುದ್ದಿಯಾದ ಮೇಲೆ ನೆರವೂ ಬಂತು, ಹೊಗಳಿಕೆಯೂ ಬಂತು. ಕೆಲವರು ಅದನ್ನು ತಾಯಿಯ ತ್ಯಾಗದ ಕಥೆ ಎಂದು ಓದಿದರು. ಇನ್ನು ಕೆಲವರು ಸರಕಾರಕ್ಕೆ ನಾಚಿಕೆಗೇಡು ಎಂದು ಬರೆದರು. ಎರಡೂ ಸರಿಯೇ. ಆದರೆ ಕಥೆ ಬರೆಯುವ ನನ್ನಂಥವನಿಗೆ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ತಾಯಿ ಅಷ್ಟು ಬೆಲೆ ತೆತ್ತು ಮನೆಗೆ ತಂದದ್ದು ಏನನ್ನು? ಆ ಪೆಟ್ಟಿಗೆಯೊಳಗಿಂದ ಮಕ್ಕಳಿಗೆ ಬಂದದ್ದು ಪಾಠವೇ, ಅಥವಾ ಪಾಠದ ಚಿತ್ರವೇ?

ಈ ಪ್ರಶ್ನೆ ಹಳೆಯದಾಯಿತು, ಕೊರೋನಾ ಹೋಯಿತು ಎಂದು ಹೇಳುವವರಿದ್ದಾರೆ. ಕೊರೋನಾದ ಜೊತೆ ಬಂದ ತೆರೆ ಮಾತ್ರ ಹೋಗಿಲ್ಲ. ಆದ್ದರಿಂದ ಆಗ ನಡೆದದ್ದನ್ನು ಒಮ್ಮೆ ಕ್ರಮವಾಗಿ ನೋಡುವುದು ಒಳ್ಳೆಯದು.

2020ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ಖಾಸಗಿ ಶಾಲೆಗಳು ಎಲ್‌ಕೆಜಿ ಮಕ್ಕಳನ್ನೂ ಮೊಬೈಲಿನ ಮುಂದೆ ಕೂಡಿಸತೊಡಗಿದಾಗ ಜೂನ್ ತಿಂಗಳಲ್ಲಿ ಕರ್ನಾಟಕ ಸರಕಾರ ಎಳೆಯ ಮಕ್ಕಳ ಆನ್‌ಲೈನ್ ತರಗತಿಗಳನ್ನು ನಿಷೇಧಿಸಿತು. ಪಾಲಕರು ನ್ಯಾಯಾಲಯಕ್ಕೆ ಹೋದರು. ಜುಲೈ 8ರಂದು ಹೈಕೋರ್ಟು ಆ ಆದೇಶಗಳಿಗೆ ತಡೆ ಕೊಟ್ಟಿತು. ಜುಲೈ 20ರಿಂದ ಎಂಟರಿಂದ ಹತ್ತನೆಯ ತರಗತಿಯವರಿಗೆ ಚಂದನದಲ್ಲಿ 'ಸಂವೇದ' ಪಾಠಗಳು ಶುರುವಾದವು. ಆಗಸ್ಟಿನಲ್ಲಿ 'ವಿದ್ಯಾಗಮ' ಬಂತು. ಮಕ್ಕಳು ಶಾಲೆಗೆ ಬರಬೇಡ, ಮಾಸ್ತರರೇ ಮಕ್ಕಳಿದ್ದಲ್ಲಿಗೆ ಹೋಗಲಿ ಎಂಬ ಯೋಜನೆ ಅದು. ಗುಡಿಯ ಕಟ್ಟೆ, ಸಮುದಾಯ ಭವನ, ಮರದ ನೆರಳು ಎಲ್ಲವೂ ವಠಾರ ಶಾಲೆಯಾದವು. ಶಿಕ್ಷಕರಿಗೆ, ಮಕ್ಕಳಿಗೆ ಸೋಂಕು ತಗಲಿದ ವರದಿಗಳು ಬಂದ ಮೇಲೆ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಲಾಯಿತು. ಒಂದರಿಂದ ಐದನೆಯ ತರಗತಿಯವರಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಒಂದನೆಯ ತರಗತಿಯಲ್ಲಿದ್ದಾಗ ಮನೆಗೆ ಹೋದ ಮಗು ಹತ್ತೊಂಬತ್ತು ತಿಂಗಳ ಮೇಲೆ ತಿರುಗಿ ಬಂದು ಮೂರನೆಯ ತರಗತಿಯ ಬೆಂಚಿನ ಮೇಲೆ ಕೂತಿತು. ನಡುವಿನ ಎರಡನೆಯ ತರಗತಿ ಅದರ ಬದುಕಿನಲ್ಲಿ ಬರೀ ದಾಖಲೆಯಲ್ಲಿದೆ.

ಸಾಹಿತ್ಯ ಕೃತಿಯೊಂದನ್ನು ವಿಮರ್ಶಿಸುವ ಹಾಗೆ ತೆರೆಯ ಮೇಲಿನ ಪಾಠವನ್ನೂ ವಿಮರ್ಶಿಸಬಹುದು. ಯಾರು ಯಾರಿಗೆ ಹೇಳುತ್ತಿದ್ದಾರೆ, ಯಾವ ದನಿಯಲ್ಲಿ, ಯಾವ ಭಾಷೆಯಲ್ಲಿ ಎಂದು ಕೇಳಬಹುದು. 'ಸಂವೇದ'ದ ಬಗ್ಗೆ ಮೊದಲು ಒಳ್ಳೆಯ ಮಾತು ಹೇಳಬೇಕು. ಅದು ಎಲ್ಲರಿಗೂ ಪುಕ್ಕಟೆಯಾಗಿತ್ತು. ಅದಕ್ಕೆ ದುಬಾರಿ ಫೋನು ಬೇಕಿರಲಿಲ್ಲ, ದಿನದ ಡಾಟಾ ಮುಗಿಯುತ್ತದೆಂಬ ಹೆದರಿಕೆ ಇರಲಿಲ್ಲ. ಪಾಠ ಮಾಡಿದ ಶಿಕ್ಷಕರು ಶ್ರದ್ಧೆಯಿಂದ ಮಾಡಿದರು. ಕ್ಯಾಮೆರಾದ ಮುಂದೆ ಎಂದೂ ನಿಲ್ಲದವರು ಅಷ್ಟು ಬೇಗ ಅದನ್ನು ಕಲಿತದ್ದು ಸಣ್ಣ ಮಾತಲ್ಲ.

ಆದರೂ ಅಲ್ಲೊಂದು ತೊಡಕಿತ್ತು, ಅದು ಶಿಕ್ಷಕರ ತಪ್ಪಲ್ಲ. ಟಿವಿಯ ಮಾಸ್ತರರು ಒಂದು ಮಾತು ಹೇಳಿ, "ಅರ್ಥವಾಯಿತಲ್ಲವೇ ಮಕ್ಕಳೇ?" ಎಂದು ಕೇಳುತ್ತಾರೆ. ಒಂದು ಕ್ಷಣ ಸುಮ್ಮನಿರುತ್ತಾರೆ. "ಸರಿ, ಮುಂದೆ ಹೋಗೋಣ" ಎನ್ನುತ್ತಾರೆ. ಆ ಒಂದು ಕ್ಷಣದ ಮೌನದಲ್ಲೇ ಇಡೀ ಪದ್ಧತಿಯ ಸೋಲು ಅಡಗಿದೆ. ಶಾಲೆಯ ಕೋಣೆಯಲ್ಲಿ ಆ ಮೌನ ಮಕ್ಕಳದಾಗಿರುತ್ತದೆ. ಮುಂದಿನ ಸಾಲಿನವನು ತಲೆ ಆಡಿಸುತ್ತಾನೆ, ಹಿಂದಿನವಳು ಪಕ್ಕದವಳ ಪಾಟಿ ನೋಡುತ್ತಾಳೆ, ಮೂಲೆಯವನು ಕಿಟಕಿಯ ಹೊರಗೆ ನೋಡುತ್ತಿರುತ್ತಾನೆ. ಮಾಸ್ತರರು ಒಂದು ಸಲ ಎಲ್ಲರ ಮಾರಿ ನೋಡಿ, "ಏನೂ ತಿಳಿದಿಲ್ಲ ನಿಮಗ, ಮತ್ತೊಮ್ಮೆ ಹೇಳ್ತೀನಿ" ಅನ್ನುತ್ತಾರೆ. ಟಿವಿಯಲ್ಲಿ ಆ ಮೌನ ಯಾರದೂ ಅಲ್ಲ. ಅಲ್ಲಿ ಪ್ರಶ್ನೆ ಇದೆ, ಕೇಳಿಸಿಕೊಳ್ಳುವ ಕಿವಿ ಇಲ್ಲ.

ನಮ್ಮ ಭಾಗದಲ್ಲಿ ಕಥೆ ಹೇಳುವವರಿಗೆ ಇದು ಹೊಸ ವಿಷಯವಲ್ಲ. ಅಜ್ಜಿ ಕಥೆ ಹೇಳುವಾಗ ಒಬ್ಬರಾದರೂ 'ಹೂಂ' ಅನ್ನಬೇಕು. ಹೂಂಗುಡುವುದು ನಿಂತರೆ ಮಗು ಮಲಗಿತೆಂದು ಅಜ್ಜಿಗೆ ತಿಳಿಯುತ್ತದೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಮೊಹರಮ್ಮಿನಲ್ಲಿ ನಮ್ಮ ಹಳ್ಳಿಗಳ ರಿವಾಯತ್ ಮೇಳಗಳು ಹಾಡುವಾಗಲೂ ಹಾಗೆಯೇ. ಮುಮ್ಮೇಳದವರು ಎತ್ತಿಕೊಟ್ಟದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳದಿದ್ದರೆ ಪದ ಸಾಗುವುದಿಲ್ಲ. ಒಂದು ಮೇಳದ ಸವಾಲಿಗೆ ಇನ್ನೊಂದು ಮೇಳ ಜವಾಬು ಕೊಡಬೇಕು. ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುವ ಆ ಅನಕ್ಷರಸ್ಥ ಹಾಡುಗಾರರಿಗೆ ಗೊತ್ತಿರುವ ಸಂಗತಿ ನಮ್ಮ ಶಿಕ್ಷಣ ತಜ್ಞರ ಲೆಕ್ಕದಲ್ಲಿ ಬಿಟ್ಟುಹೋಯಿತು. ಪಾಠವೆಂಬುದು ಇಬ್ಬರು ಕೂಡಿ ಕಟ್ಟುವಂಥದು. ಹೂಂಗುಟ್ಟುವವರಿಲ್ಲದೆ ಹೇಳಿದ ಕಥೆ ಕಥೆಯ ಪಠ್ಯ ಮಾತ್ರ ಆಗಿರುತ್ತದೆ.

ಎರಡನೆಯ ಮಾತು ಭಾಷೆಯದು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. 'ಕವಿರಾಜಮಾರ್ಗ' ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲ್, ಕೊಪಣ, ಒಂಕುಂದಗಳ ಜೊತೆ ಹೆಸರಿಸುವುದು ಈ ಊರನ್ನೇ. ಹತ್ತನೆಯ ಶತಮಾನದ ಪಂಪ ತನ್ನ ಭಾರತವನ್ನು ಬರೆದದ್ದು ಈ ಊರಿನ ತಿರುಳ್ಗನ್ನಡದಲ್ಲಿ ಎಂದು ಹೇಳಿಕೊಂಡ. ಅದೇ ಊರಿನಲ್ಲಿ ಇಂದು ಸೋಮೇಶ್ವರ ಗುಡಿಯೂ ಇದೆ, ಆದಿಲಶಾಹಿ ಕಾಲದ ಮಸೀದಿಯೂ ಇದೆ, ಮನೆಯಲ್ಲಿ ದಖನಿ, ಓಣಿಯಲ್ಲಿ ಧಾರವಾಡ ಸೀಮೆಯ ಕನ್ನಡ ಆಡುವ ಸಾವಿರಾರು ಮಕ್ಕಳೂ ಇದ್ದಾರೆ. ಒಂದು ಕಾಲಕ್ಕೆ ಕನ್ನಡದ ಅಳತೆಗೋಲಾಗಿದ್ದ ಊರಿನ ಮಗುವಿಗೆ ತೆರೆಯ ಮೇಲಿನ ಕನ್ನಡ ಪರಸ್ಥಳದ್ದಾಗಿ ಕೇಳಿಸಿದರೆ ಅದು ಮಗುವಿನ ದಡ್ಡತನವೇ?

ನಾನು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ ಆಮೇಲೆ ಕನ್ನಡ ಶಾಲೆಗೆ ಹೋದವನು. ಅಲ್ಲಿ ವಿಜ್ಞಾನದ ಪುಸ್ತಕದಲ್ಲಿ 'ಬಾಷ್ಪೀಕರಣ' ಎಂಬ ಶಬ್ದ ಬಂತು. ನಮ್ಮ ಮಾಸ್ತರರು ಲಿಂಗಾಯತರು. ಅವರು ನಮ್ಮ ಮೂರು ನಾಲ್ಕು ಹುಡುಗರ ಪಿಳಿಪಿಳಿ ಕಣ್ಣು ನೋಡಿ ಪುಸ್ತಕ ಮುಚ್ಚಿಟ್ಟರು. "ಅನ್ನದ ಗಡಿಗಿ ಮುಚ್ಚಳ ತಗದರ ಮಾರಿಗೆ ಹೊಡಿತೈತಲ್ಲ, ಅದಕ್ಕ ನಾವು ಉಗಿ ಅಂತೀವಿ. ನಿಮ್ಮ ಅಮ್ಮಿ ಏನಂತಾಳ?" ಎಂದು ಕೇಳಿದರು. "ಭಾಪ್" ಎಂದೆವು. "ಹಾಂ, ನಿಮ್ಮ ಭಾಪೂ ಈ ಪುಸ್ತಕದ ಬಾಷ್ಪನೂ ಒಂದ ಬಳ್ಳಿ ಕಾಯಿ. ನೀರು ಕುದಿಯದೇನ ಹಂಗ ಹಾರಿ ಹೋದರ ಅದು ಬಾಷ್ಪೀಕರಣ. ಹಿತ್ತಲದಾಗ ಒಣಾಕಿದ ಅರಿವಿ ನೋಡ್ರಿ" ಎಂದರು. ಸಂಸ್ಕೃತದ ಒಂದು ಶಬ್ದ ಪುಸ್ತಕದ ದಾರಿಯಿಂದಲೂ ಅಡುಗೆಮನೆಯ ದಾರಿಯಿಂದಲೂ ಬಂದು ಆ ದಿನ ನಮ್ಮ ತರಗತಿಯಲ್ಲಿ ಭೇಟಿಯಾಯಿತು. ಆ ಭೇಟಿ ಮಾಡಿಸಿದ್ದು ಪಠ್ಯಪುಸ್ತಕವಲ್ಲ, ನಮ್ಮ ಮಾರಿಯನ್ನು ಓದಬಲ್ಲ ಒಬ್ಬ ಮನುಷ್ಯ. ಬೆಂಗಳೂರಿನ ಸ್ಟುಡಿಯೋದಲ್ಲಿ ಚಿತ್ರೀಕರಿಸಿದ ಪಾಠ ಎಷ್ಟೇ ಚೆನ್ನಾಗಿರಲಿ, ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಕನ್ನಡದಲ್ಲಿ ಮಾತಾಡಬೇಕಾಗುತ್ತದೆ. ಅನುವಾದ ಮಾಡಿಕೊಳ್ಳುವ ಹೊರೆ ಒಬ್ಬಂಟಿ ಮಗುವಿನ ಮೇಲೆ ಬೀಳುತ್ತದೆ. ಮನೆಯಲ್ಲಿ ಓದಿದ ಅಕ್ಕನೋ ಅಣ್ಣನೋ ಇದ್ದರೆ ಅದು ದಾಟುತ್ತದೆ. ಇಲ್ಲದಿದ್ದರೆ ಚಿತ್ರ ನೋಡಿ ಎದ್ದು ಹೋಗುತ್ತದೆ.

ಮೂರನೆಯದು ಫೋನಿನ ಮಾತು. ವಿದ್ಯಾಗಮದ ಯೋಜನೆಯಲ್ಲಿ ಮಕ್ಕಳನ್ನು ಮೂರು ಕಾಲ್ಪನಿಕ ಕೋಣೆಗಳಾಗಿ ವಿಂಗಡಿಸಲಾಗಿತ್ತು. ಫೋನೇ ಇಲ್ಲದವರದು ಒಂದು, ಇಂಟರ್‌ನೆಟ್ ಇಲ್ಲದ ಫೋನಿನವರದು ಇನ್ನೊಂದು, ಇಂಟರ್‌ನೆಟ್ ಇದ್ದವರದು ಮತ್ತೊಂದು. ಇದನ್ನು ಮಾಡಿದವರ ಉದ್ದೇಶ ಕೆಟ್ಟದ್ದಲ್ಲ. ಏನೂ ಇಲ್ಲದವರನ್ನು ಮಾಸ್ತರರು ಮೊದಲು ಮುಟ್ಟಲಿ ಎಂದೇ ಮಾಡಿದ್ದು. ಆದರೆ ಆ ವಿಂಗಡಣೆಯನ್ನು ಕನ್ನಡಿಯ ಹಾಗೆ ಹಿಡಿದು ನೋಡಿ. ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ವಯಸ್ಸಿನಿಂದ, ಕಲಿತದ್ದರಿಂದ ಸಾಲು ಮಾಡಿ ಕೂಡಿಸುವುದುಂಟು. ಅಪ್ಪನ ಕಿಸೆಯಲ್ಲಿ ಯಾವ ಫೋನಿದೆ ಎಂಬುದರಿಂದ ಸಾಲು ಮಾಡುವ ಕಾಲ ಬಂದದ್ದನ್ನು ಸರಕಾರಿ ಕಾಗದವೇ ಒಪ್ಪಿಕೊಂಡಿತು.

ಇದು ಮೊದಲೇ ಗೊತ್ತಿರದ ಸಂಗತಿಯೂ ಆಗಿರಲಿಲ್ಲ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳ ಮನೆಗಳಲ್ಲಿ ಇಂಟರ್‌ನೆಟ್ ಇದ್ದದ್ದು ನೂರಕ್ಕೆ 15 ಮನೆಗಳಲ್ಲಿ, ಕಂಪ್ಯೂಟರ್ ಇದ್ದದ್ದು 4 ಮನೆಗಳಲ್ಲಿ. ಮನೆಯಲ್ಲಿ ಫೋನಿದ್ದರೂ ಅದು ಯಾರ ಕೈಯಲ್ಲಿರುತ್ತದೆ ಎಂಬುದನ್ನು ಇಂಥ ಅಂಕಿಗಳು ಹೇಳುವುದಿಲ್ಲ. ಗಾರೆ ಕೆಲಸಕ್ಕೋ ಹಮಾಲಿಗೋ ಗ್ಯಾರೇಜಿಗೋ ಹೋಗುವ ತಂದೆ ಮುಂಜಾನೆ ಫೋನಿನೊಂದಿಗೆ ಹೊರಟರೆ ಆ ಫೋನು ಮನೆಗೆ ಬರುವುದು ರಾತ್ರಿ. ರಾತ್ರಿ ಅದು ಮೊದಲು ಮಗನ ಕೈಗೆ ಹೋಗುತ್ತದೆ. ಹುಡುಗಿಗೆ ಫೋನು ಕೊಡಬೇಕೇ ಬೇಡವೇ ಎಂಬ ಚರ್ಚೆ ಮುಗಿಯುವಷ್ಟರಲ್ಲಿ ಪಾಠ ಮುಗಿದಿರುತ್ತದೆ. ಶಾಲೆಯಲ್ಲಾದರೆ ಬೆಂಚು ಹುಡುಗಿಯ ಪಾಲಿಗೆ ತಾನಾಗಿ ಇರುತ್ತದೆ, ಅದಕ್ಕೆ ಅಣ್ಣನ ಅಪ್ಪಣೆ ಬೇಕಿಲ್ಲ. ಬೆಟಗೇರಿಯಲ್ಲಿ ಮಗ್ಗದ ಮನೆಯ ಹುಡುಗಿಗೆ ಶಾಲೆಯ ವೇಳೆ ಎಂದರೆ ಕಂಡಿಕೆ ಸುತ್ತುವುದರಿಂದ ಬಿಡುವು. ಮುಂಡರಗಿ, ಶಿರಹಟ್ಟಿಯ ಹೊಲಗಳಲ್ಲಿ ಆಗಸ್ಟೆಂದರೆ ಹೆಸರು ಬಿಡಿಸುವ ಸುಗ್ಗಿ. ಶಾಲೆಯ ಗಂಟೆ ಬಾರಿಸಿದರೆ ತಾಯಿ ಮಗುವನ್ನು ಕಳಿಸಿಯಾಳು. ಮನೆಯಲ್ಲೇ ಇರುವ ಮಗುವಿಗೆ 'ನೀನೀಗ ಶಾಲೆಯಲ್ಲಿದ್ದೀ' ಎಂದು ಯಾವ ತಾಯಿ ತಿಳಿದಾಳು? ಶಾಲೆಯ ನಾಲ್ಕು ಗೋಡೆಗಳು ಮಗುವನ್ನು ಕೆಲಸದಿಂದ ಮರೆಮಾಡುತ್ತಿದ್ದವು ಎಂಬುದು ಗೋಡೆ ಇಲ್ಲದಾದಾಗ ಕಂಡಿತು.

ಹಾಗಾದರೆ ಯಂತ್ರ ಬೇಡವೇ? ಹಾಗೆ ಹೇಳುವುದು ಸುಲಭ, ಆದರೆ ಗದಗದವರು ಹಾಗೆ ಹೇಳುವಂತಿಲ್ಲ. 1922ರಲ್ಲಿ ರೋಣದಲ್ಲಿ ಹುಟ್ಟಿದ ಒಬ್ಬ ಮಾಸ್ತರರ ಮಗ ಅಬ್ದುಲ್ ಕರೀಂ ಖಾನರ ಜಿಂಝೋಟಿಯ ಠುಮರಿಯನ್ನು ಗ್ರಾಮಫೋನ್ ರೆಕಾರ್ಡಿನಲ್ಲಿ ಕೇಳಿದ. ಕೇಳಿ ಹುಚ್ಚು ಹಿಡಿದವನಂತಾದ. 1933ರಲ್ಲಿ, ಹನ್ನೊಂದರ ವಯಸ್ಸಿಗೆ, ಗುರುವನ್ನು ಹುಡುಕುತ್ತ ಮನೆ ಬಿಟ್ಟು ರೈಲು ಹತ್ತಿದ. ಗ್ವಾಲಿಯರ್, ರಾಂಪುರ, ಜಲಂಧರ ಎಂದು ಅಲೆದ. ಕೊನೆಗೆ ಅವನಿಗೆ ಗುರು ಸಿಕ್ಕಿದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ, ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು. ಅಲ್ಲಿ ಅವನು ನೀರು ಹೊತ್ತ, ಮನೆಗೆಲಸ ಮಾಡಿದ, ಎದುರು ಕೂತು ಕಲಿತ. ಭೀಮಸೇನ ಜೋಶಿಯವರ ಈ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ರೆಕಾರ್ಡಿನ ಪಾತ್ರ ಎಷ್ಟು ಎಂಬುದನ್ನು ಮಾತ್ರ ನಾವು ಯೋಚಿಸುವುದಿಲ್ಲ. ರೆಕಾರ್ಡು ಇಲ್ಲದಿದ್ದರೆ ಆ ಹುಡುಗ ಮನೆ ಬಿಡುತ್ತಿದ್ದನೋ ಇಲ್ಲವೋ. ಬರೀ ರೆಕಾರ್ಡು ಸಾಲುವಂತಿದ್ದರೆ ಅವನು ಮನೆ ಬಿಡಬೇಕಾಗಿಯೇ ಇರಲಿಲ್ಲ. ಅದು ದಾಹ ಹುಟ್ಟಿಸಿತು, ಬಾವಿಯ ದಾರಿ ಹಿಡಿಸಿತು. ತೆರೆಯ ಪಾಠದಿಂದಲೂ ಇಷ್ಟನ್ನು ನಾವು ಧಾರಾಳವಾಗಿ ನಿರೀಕ್ಷಿಸಬಹುದು.

ಗದಗದ ವೀರೇಶ್ವರ ಪುಣ್ಯಾಶ್ರಮ ಇನ್ನೊಂದು ಪಾಠ ಹೇಳುತ್ತದೆ. ಅಂಧರಾದ ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಅವರ ನಂತರ ಅಂಧರೇ ಆದ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ನಡೆಸಿದ ಗುರುಕುಲವದು. ಅಲ್ಲಿ ಗುರುವೂ ಕಾಣರು, ಎಷ್ಟೋ ಶಿಷ್ಯರೂ ಕಾಣರು. ಕಪ್ಪುಹಲಗೆಗೆ ಅಲ್ಲಿ ಕೆಲಸವಿಲ್ಲ. ಆದರೂ ತಲೆಮಾರುಗಳ ಗಾಯಕರು, ವಾದಕರು ಅಲ್ಲಿಂದ ಹೊರಬಂದರು. ಎದುರು ಇರುವುದು ಎಂದರೆ ಬರೀ ಕಣ್ಣಿಗೆ ಕಾಣುವುದಲ್ಲ ಎಂದು ಇದರಿಂದ ತಿಳಿಯುತ್ತದೆ. ಪಕ್ಕದವನ ಉಸಿರು, ತಪ್ಪಿದ ತಾಳಕ್ಕೆ ತಟ್ಟನೆ ಬೀಳುವ ತಿದ್ದುಪಡಿ, ತಬಲಾದ ಮೇಲೆ ಬೆರಳು ಹಿಡಿದು ಕೂಡಿಸುವ ಕೈ, ಒಂದೇ ಪಂಕ್ತಿಯ ಊಟ, ಇವೆಲ್ಲ ಸೇರಿ ಎದುರಿರುವುದು. ಆನ್‌ಲೈನ್ ತರಗತಿ ಕೊಡುವುದು ಕಣ್ಣಿಗೆ ಕಾಣುವುದನ್ನು. ಪುಣ್ಯಾಶ್ರಮ ಯಾವುದಿಲ್ಲದೆ ನಡೆಯಿತೋ ಅದನ್ನೇ ನಾವು ಪಾಠವೆಂದು ತಿಳಿದು ಮೊಬೈಲಿನಲ್ಲಿ ಕಳಿಸಿದೆವು, ಯಾವುದರಿಂದ ನಡೆಯಿತೋ ಅದನ್ನು ಬಿಟ್ಟೆವು.

ಇಸ್ಲಾಮಿನ ವಿದ್ಯಾ ಪರಂಪರೆಯಲ್ಲೂ ಈ ಚರ್ಚೆ ಸಾವಿರ ವರ್ಷಕ್ಕಿಂತ ಹಳೆಯದು. ಹದೀಸಿನ ಸನದನ್ನು, ಅಂದರೆ ಯಾರಿಂದ ಯಾರು ಕೇಳಿದರೆಂಬ ಸರಪಳಿಯನ್ನು, ಪರೀಕ್ಷಿಸುವಾಗ ಹೇಳಿದವನೂ ಕೇಳಿದವನೂ ಒಂದೇ ಕಾಲದವರಾಗಿದ್ದು ಭೇಟಿ ಸಾಧ್ಯವಿದ್ದರೆ ಸಾಕು ಎಂಬುದು ಇಮಾಮ್ ಮುಸ್ಲಿಮರ ನಿಲುವು. ಸಾಲದು, ಅವರು ನಿಜವಾಗಿ ಭೇಟಿಯಾಗಿದ್ದು ಖಚಿತವಾಗಬೇಕು ಎಂಬುದು ಇಮಾಮ್ ಬುಖಾರಿಯವರ ಬಿಗಿಯಾದ ನಿಲುವು. ಗುರುವಿನ ಬಾಯಿಂದ ಕೇಳಿದ್ದಕ್ಕೆ, ಗುರುವಿನ ಮುಂದೆ ಓದಿ ಒಪ್ಪಿಸಿದ್ದಕ್ಕೆ ವಿದ್ವಾಂಸರು ಮೇಲಿನ ಸ್ಥಾನ ಕೊಟ್ಟರು. ಪತ್ರದ ಮೂಲಕ ಪಡೆದದ್ದನ್ನು ತಳ್ಳಿಹಾಕಲಿಲ್ಲ, ಕೆಳಗಿನ ಮೆಟ್ಟಿಲಲ್ಲಿಟ್ಟರು. ಯಾರದೋ ಹಸ್ತಪ್ರತಿ ಕೈಗೆ ಸಿಕ್ಕಿ ಓದಿಕೊಂಡದ್ದು ಎಲ್ಲಕ್ಕಿಂತ ಕೆಳಗೆ. ಆ ಜನ ದೂರದಿಂದ ಬಂದ ವಿದ್ಯೆಗೆ ಹೆದರಲಿಲ್ಲ. ಹೇಗೆ ಬಂತೆಂಬುದನ್ನು ಮರೆಮಾಚಲೂ ಇಲ್ಲ. ನಮ್ಮ ಶಿಕ್ಷಣ ಇಲಾಖೆಗಳು ಕಲಿಯಬೇಕಾದದ್ದು ಈ ಪ್ರಾಮಾಣಿಕತೆಯನ್ನು. ಮಗು ವರ್ಷವಿಡೀ ಪಾಠ ಪಡೆಯಿತು ಎಂದು ಬರೆಯುವಾಗ ಯಾವ ದಾರಿಯಿಂದ ಎಂಬುದನ್ನೂ ಅದರ ಪಕ್ಕದಲ್ಲಿ ಬರೆಯಬೇಕು.

ಕನ್ನಡ ಶಾಲೆಗಳಲ್ಲಿ ನಾವು ಬಳಸುವ 'ಹಾಜರಿ' ಎಂಬ ಮಾತು ಅರಬ್ಬಿಯಿಂದ ಉರ್ದುವಿನ ದಾರಿಯಾಗಿ ಬಂದದ್ದು. ಹಾಜಿರ್ ಎಂದರೆ ಎದುರಿಗಿರುವವನು. ಈ ಮಾತಿನ ಬೆಲೆ 2022ರಲ್ಲಿ ಇನ್ನೊಂದು ರೀತಿಯಲ್ಲಿ ಕಂಡಿತು. ಉಡುಪಿಯ ಸರಕಾರಿ ಕಾಲೇಜಿನ ಹುಡುಗಿಯರು ಹಿಜಾಬಿನ ಕಾರಣಕ್ಕೆ ತರಗತಿಯ ಹೊರಗೆ ನಿಂತಾಗ ಅವರಿಗೆ ಬಂದ ಸಲಹೆಗಳಲ್ಲಿ ಒಂದು, ಬೇಕಾದರೆ ಆನ್‌ಲೈನಿನಲ್ಲಿ ಪಾಠ ಕೇಳಿ ಎಂಬುದು. ಹಿಜಾಬಿನ ಬಗ್ಗೆ ಓದುಗರಲ್ಲಿ ಬೇರೆ ಬೇರೆ ಅಭಿಪ್ರಾಯ ಇರಬಹುದು. ಆ ಸಲಹೆಯನ್ನು ಮಾತ್ರ ಬೇರೆಯಾಗಿ ಎತ್ತಿ ನೋಡಬೇಕು. ಸೋಂಕಿನ ಕಾಲದಲ್ಲಿ ಎಲ್ಲರನ್ನೂ ಉಳಿಸಲು ಬಂದ ಉಪಾಯ ಎರಡೇ ವರ್ಷದಲ್ಲಿ ಕೆಲವರನ್ನು ಹೊರಗಿಡಲು ಸೌಜನ್ಯದ ದಾರಿಯಾಯಿತು. ನಿನಗೆ ಪಾಠ ಕೊಡುತ್ತೇವೆ, ಜಾಗ ಕೊಡುವುದಿಲ್ಲ ಎಂದ ಹಾಗೆ. ಇಂದು ಇವರಿಗೆ ಬಂದ ಮಾತು ನಾಳೆ ಅಂಗವಿಕಲ ಮಗುವಿಗೆ, ದಲಿತ ಕೇರಿಯ ಮಗುವಿಗೆ, ಮಕ್ಕಳು ಕಡಿಮೆ ಎಂದು ಮುಚ್ಚುವ ಹಳ್ಳಿ ಶಾಲೆಯ ಮಗುವಿಗೆ ಬರಲಾರದೇ?

ತೆರೆಯಿಂದ ಒಳ್ಳೆಯದಾದವರೂ ಇದ್ದಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಧಾರವಾಡಕ್ಕೆ ಹೋಗಿ ರೂಮು ಮಾಡಲಾರದ ಯುವಕ, ಮದುವೆಯಾಗಿ ಓದು ನಿಂತ ಹೆಣ್ಣುಮಗಳು ಯೂಟ್ಯೂಬಿನ ಪಾಠ ಕೇಳಿಯೇ ಮುಂದೆ ಬಂದದ್ದುಂಟು. ಇವರು ಓದುವುದು ಹೇಗೆಂದು ಮೊದಲೇ ಯಾವುದೋ ಶಾಲೆಯಲ್ಲಿ ಕಲಿತವರು ಎಂಬುದನ್ನು ಮರೆಯಬಾರದು. ಬೀಜ ಮೊದಲೇ ಬಿದ್ದಿತ್ತು, ತೆರೆ ನೀರು ಹಾಕಿತು. ಅಕ್ಷರವನ್ನೇ ಕಾಣದ ಆರು ವರ್ಷದ ಮಗುವಿಗೆ ಅದೇ ಔಷಧ ಕೊಟ್ಟದ್ದು ತಪ್ಪಾಯಿತು. ಅಜೀಂ ಪ್ರೇಮ್‌ಜಿ ಸಂಸ್ಥೆ 2021ರಲ್ಲಿ ಕರ್ನಾಟಕವೂ ಸೇರಿ ಐದು ರಾಜ್ಯಗಳ ಸರಕಾರಿ ಶಾಲೆಗಳ 16,000ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿತು. ಎರಡರಿಂದ ಆರನೆಯ ತರಗತಿಯವರಲ್ಲಿ ನೂರಕ್ಕೆ 92 ಮಕ್ಕಳು ಹಿಂದಿನ ವರ್ಷ ಕೈಗೂಡಿದ್ದ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು, 82 ಮಕ್ಕಳು ಗಣಿತದ ಒಂದನ್ನಾದರೂ. ಹೊಸದನ್ನು ಕಲಿಯದಿದ್ದರ ಲೆಕ್ಕ ಇದಲ್ಲ, ಇದ್ದದ್ದನ್ನು ಕಳೆದುಕೊಂಡದ್ದರ ಲೆಕ್ಕ.

2023ರ ಜೂನ್ 11ರಿಂದ ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೇಟಿಲ್ಲ. ಶಿರಹಟ್ಟಿಯ ಹಳ್ಳಿಯ ಹುಡುಗಿ ಗದಗಿನ ಕಾಲೇಜಿಗೆ, ಮುಂಡರಗಿಯ ಹುಡುಗಿ ಅಲ್ಲಿನ ಗ್ರಂಥಾಲಯಕ್ಕೆ ಹೋಗಿ ಬರುವ ಖರ್ಚು ತಪ್ಪಿತು. ದೂರವನ್ನು ಕಡಿಮೆ ಮಾಡಲು ಎರಡು ದಾರಿಗಳಿವೆ. ಪಾಠವನ್ನು ಫೋನಿನಲ್ಲಿ ಮನೆಗೆ ಕಳಿಸುವುದು ಒಂದು, ಮಗುವನ್ನು ಬಸ್ಸಿನಲ್ಲಿ ಪಾಠದ ಕಡೆಗೆ ಕಳಿಸುವುದು ಇನ್ನೊಂದು. ಎರಡನೆಯದರಲ್ಲಿ ಹುಡುಗಿ ಬಸ್ ನಿಲ್ದಾಣ ನೋಡುತ್ತಾಳೆ, ಗೆಳತಿಯರನ್ನು ಮಾಡಿಕೊಳ್ಳುತ್ತಾಳೆ, ಬೇರೆ ಜಾತಿಯವಳ ಬುತ್ತಿಯಿಂದ ರೊಟ್ಟಿ ಮುರಿದು ತಿನ್ನುತ್ತಾಳೆ. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಫಕೀರೇಶ್ವರ ಮಠದ ಶಿರಹಟ್ಟಿಯಲ್ಲಿ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಓಣಿಗಳು ಬೇರೆ ಬೇರೆಯಾಗುತ್ತಿರುವ ಈ ದಿನಗಳಲ್ಲಿ ನಮ್ಮ ಮಕ್ಕಳು ಒಬ್ಬರನ್ನೊಬ್ಬರು ದಿನಾ ನೋಡುವ ಜಾಗ ಸರಕಾರಿ ಶಾಲೆ ಬಿಟ್ಟರೆ ಇನ್ನೆಷ್ಟು ಉಳಿದಿವೆ?

ಈಗ ಶಿಕ್ಷಕರ ಹುದ್ದೆಗಳು ಖಾಲಿ ಬಿದ್ದಿವೆ, ಅತಿಥಿ ಶಿಕ್ಷಕರಿಂದ ಶಾಲೆ ನಡೆಯುತ್ತಿದೆ. ಇಂಥ ಹೊತ್ತಿನಲ್ಲಿ ಗೋಡೆಗೊಂದು ದೊಡ್ಡ ತೆರೆ ಹಚ್ಚಿ, ಒಬ್ಬ ಮಾಸ್ತರರ ಪಾಠವನ್ನು ನೂರು ಶಾಲೆಗೆ ಬಿಡುವ ಆಸೆ ಯಾವ ಸರಕಾರಕ್ಕಾದರೂ ಹುಟ್ಟೀತು. ತೆರೆ ಬರಲಿ. ಅದರ ಪಕ್ಕದಲ್ಲಿ ಮಗುವಿನ ಮನೆಮಾತು ಬಲ್ಲ ಒಬ್ಬ ಮಾಸ್ತರರು ನಿಂತಿರಲಿ, ಬೇಕಾದಾಗ ಅದನ್ನು ನಿಲ್ಲಿಸಿ "ನಿಮ್ಮ ಮನ್ಯಾಗ ಇದಕ್ಕ ಏನಂತೀರಿ?" ಎಂದು ಕೇಳುವ ಅಧಿಕಾರ ಅವರಿಗಿರಲಿ. ಮಾಸ್ತರರ ಬದಲಿಗೆ ತೆರೆ ಎಂದು ಯಾರಾದರೂ ಹೇಳಿದರೆ, ಪಾಲಕರಾಗಿ ನಾವು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಹಾಜರಿ ಪುಸ್ತಕವನ್ನು ಮುಂದಿಟ್ಟು ಕೇಳಬೇಕು. ಈ ಪುಸ್ತಕದಲ್ಲಿ ಮಕ್ಕಳ ಹೆಸರಿದೆ, ಅವರ ಮುಂದೆ ಹಾಜರಿರುವವರ ಹೆಸರು ಎಲ್ಲಿದೆ?